ಬಾದುವಾನ್‌ಜಿನ್: ಎಂಟು ಚಲನೆಗಳ ಚೀನೀ ಅಭ್ಯಾಸವನ್ನು ಆರಂಭಿಸುವ ಬಗೆ

ಚಿಗಾಂಗ್ ಎಂಬ ಹೆಸರಿನಲ್ಲಿ ಇಂದು ರೂಢಿಯಲ್ಲಿರುವ ಚಲನೆ ಮತ್ತು ಉಸಿರಿನ ಹತ್ತಾರು ಚೀನೀ ಅಭ್ಯಾಸಗಳಲ್ಲಿ ಹೊಸಬರು ಮೊದಲು ಕಲಿಯಬೇಕಾದದ್ದು ಬಾದುವಾನ್‌ಜಿನ್ ಎಂದೇ ನಾನು ಹೇಳುತ್ತೇನೆ. ಇದರಲ್ಲಿ ಇರುವುದು ಎಂಟೇ ಚಲನೆಗಳು. ಎಲ್ಲವನ್ನೂ ನಿಧಾನವಾಗಿ ಮಾಡಿದರೂ ಹದಿನೈದು ನಿಮಿಷ ಸಾಕು, ಕೈಚಾಚಿ ನಿಲ್ಲುವಷ್ಟು ಜಾಗ ಸಾಕು. ಚಲನೆ ಮತ್ತು ಉಸಿರನ್ನು ಜೊತೆಗೂಡಿಸುವ ಪರಂಪರೆ ಚೀನಾದಲ್ಲಿ ಬಹಳ ಹಳೆಯದು. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರ ಸಮಾಧಿಯೊಂದರೊಳಗೆ ದೊರೆತ ರೇಷ್ಮೆ ಚಿತ್ರದಲ್ಲಿ ಇಂಥ ವ್ಯಾಯಾಮದಲ್ಲಿ ತೊಡಗಿರುವ 44 ಸ್ತ್ರೀಪುರುಷರ ಆಕೃತಿಗಳಿವೆ. ಬಾದುವಾನ್‌ಜಿನ್ ಎಂಬ ಹೆಸರು ಸೊಂಗ್ ರಾಜವಂಶದ ಕಾಲದ (ಕ್ರಿ.ಶ. 960–1279) ಬರಹಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪಾಠಭೇದಗಳು ಅನೇಕವಿರುವುದರಿಂದ, ಚೀನಾದ ಕ್ರೀಡಾ ಆಡಳಿತವು 2003ರಲ್ಲಿ ಹೊರತಂದ ಪ್ರಮಾಣೀಕೃತ ಕ್ರಮವನ್ನು ಹಿಡಿದು ಕಲಿಯುವುದು ಒಳ್ಳೆಯದು.

ಮೊದಲು ನಿಲ್ಲುವುದನ್ನು ಕಲಿಯಬೇಕು. ಪಾದಗಳನ್ನು ಭುಜಗಳಷ್ಟು ಅಗಲಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ಇರಿಸಿ, ಮಂಡಿಗಳನ್ನು ತುಸು ಸಡಿಲಿಸಿ, ಗಲ್ಲವನ್ನು ಸ್ವಲ್ಪ ಒಳಕ್ಕೆ ತಂದು, ನಾಲಗೆಯ ತುದಿಯನ್ನು ಮೇಲಂಗುಳಕ್ಕೆ ಮೆಲ್ಲಗೆ ತಾಗಿಸಿ, ಮೂಗಿನಿಂದಲೇ ಉಸಿರಾಡುತ್ತ ಎರಡು ಮೂರು ನಿಮಿಷ ನಿಲ್ಲಿ. ಭುಜಗಳು ಇಳಿದು, ಉಸಿರಿನೊಂದಿಗೆ ಹೊಟ್ಟೆ ಮೆಲ್ಲಗೆ ಹಿಗ್ಗಿ ಕುಗ್ಗುವುದು ತಿಳಿಯತೊಡಗಿದರೆ ಸಿದ್ಧತೆ ಸರಿಯಾಗಿದೆ. ಈ ಹಂತವನ್ನು ಬಿಟ್ಟು ನೇರವಾಗಿ ಕೈ ಎತ್ತುವವರಿಗೆ ಮುಂದಿನದೆಲ್ಲ ಬರೀ ಕೈಕಾಲಾಟವಾಗಿ ಉಳಿದುಬಿಡುತ್ತದೆ.

ಮೊದಲ ಚಲನೆಯಲ್ಲಿ ಎರಡೂ ಕೈಗಳಿಂದ ಆಕಾಶವನ್ನು ಎತ್ತಿ ಹಿಡಿಯಬೇಕು. ಕೆಳಹೊಟ್ಟೆಯ ಮುಂದೆ ಬೆರಳುಗಳನ್ನು ಹೆಣೆದು ಅಂಗೈ ಮೇಲ್ಮುಖವಾಗಿರಿಸಿ. ಉಸಿರು ಒಳಗೆಳೆಯುತ್ತ ಕೈಗಳನ್ನು ಎದೆಯವರೆಗೆ ತಂದು, ಅಲ್ಲಿ ಅಂಗೈಗಳನ್ನು ಹೊರಳಿಸಿ ತಲೆಯ ಮೇಲಕ್ಕೆ ಒತ್ತಿರಿ. ನೋಟ ಕೈಗಳನ್ನು ಹಿಂಬಾಲಿಸಲಿ, ನಂತರ ಮುಖ ನೇರವಾಗಲಿ. ಪಕ್ಕೆಗಳು ಹಿಗ್ಗಿದಂತಾದಾಗ ಕ್ಷಣಕಾಲ ತಡೆದು, ಉಸಿರು ಬಿಡುತ್ತ ಕೈಗಳನ್ನು ಬೇರ್ಪಡಿಸಿ ಎರಡೂ ಬದಿಯಿಂದ ಇಳಿಸಿ, ಮಂಡಿಗಳನ್ನು ಸ್ವಲ್ಪ ಮಡಿಸಿ. ಹೀಗೆ ಆರು ಸಲ ಮಾಡಿರಿ. ಚಲನೆ ಮುಗಿಯುವ ಮೊದಲೇ ಉಸಿರು ಸಾಲದಾದರೆ ನಡುವೆ ಇನ್ನೊಂದು ಉಸಿರು ತೆಗೆದುಕೊಳ್ಳಿ. ಚಲನೆಗೆ ಹೊಂದಿಸಲೆಂದು ಉಸಿರನ್ನು ಬಲವಂತವಾಗಿ ಉದ್ದ ಮಾಡಬಾರದು. ನಮ್ಮಲ್ಲಿ ಪ್ರಾಣಾಯಾಮ ಮಾಡಿ ಅಭ್ಯಾಸವಿರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು: ಎಣಿಸಿ ಉಸಿರಾಡುವ ಪ್ರಮಾಣವನ್ನಾಗಲಿ ದೀರ್ಘ ಕುಂಭಕವನ್ನಾಗಲಿ (ಉಸಿರು ಹಿಡಿದಿಡುವುದು) ಇದರೊಳಗೆ ಬೆರೆಸದಿರುವುದೇ ಲೇಸು.

ಇದು ಹದಕ್ಕೆ ಬಂದರೆ ಉಳಿದವನ್ನು ಕಲಿಯುವುದು ಸುಲಭ. ಅರ್ಧ ಕುಳಿತು ಬಿಲ್ಲು ಎಳೆಯುವುದು, ಒಂದು ಅಂಗೈಯನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಒತ್ತುವುದು, ಕತ್ತು ಹೊರಳಿಸಿ ಹಿಂದಕ್ಕೆ ನೋಡುವುದು, ಕಾಲು ಅಗಲಿಸಿ ಕುಳಿತ ನಿಲುವಿನಲ್ಲಿ ತಲೆಯನ್ನೂ ಸೊಂಟವನ್ನೂ ತೂಗುವುದು, ಮುಂದಕ್ಕೆ ಬಾಗಿ ಪಾದ ಮುಟ್ಟುವುದು, ಕಣ್ಣರಳಿಸಿ ಮುಷ್ಟಿ ಚಾಚುವುದು, ಕೊನೆಗೆ ಏಳು ಸಲ ಹಿಮ್ಮಡಿ ಎತ್ತಿ ಇಳಿಸುವುದು ಕ್ರಮವಾಗಿ ಬರುತ್ತವೆ. ವಾರಕ್ಕೆ ಎರಡಕ್ಕಿಂತ ಹೆಚ್ಚು ಹೊಸ ಚಲನೆಗಳಿಗೆ ಕೈಹಾಕಬೇಡಿ. ಐದನೆಯದೂ ಆರನೆಯದೂ ಕಷ್ಟದವು. ತಲೆಸುತ್ತು, ಅಧಿಕ ರಕ್ತದೊತ್ತಡ ಅಥವಾ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ತಲೆಯನ್ನು ಸೊಂಟಕ್ಕಿಂತ ಕೆಳಗೆ ಇಳಿಸಬಾರದು. ಮಂಡಿನೋವಿದ್ದವರು ಆಳವಾಗಿ ಕುಳಿತುಕೊಳ್ಳಬಾರದು. ಮೂಳೆ ಸವೆದವರು ಹಿಮ್ಮಡಿಯನ್ನು ನೆಲಕ್ಕೆ ಬಡಿಯದೆ ಮೆತ್ತಗೆ ಇಳಿಸಬೇಕು. ಗರ್ಭಿಣಿಯರೂ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರೂ ವೈದ್ಯರನ್ನು ಕೇಳಿಯೇ ಆರಂಭಿಸಲಿ.

ಒಂದೊಂದು ಚಲನೆಯೂ ಒಂದೊಂದು ಅಂಗಕ್ಕೆ ಹಿತವೆಂದು ಚೀನೀ ವೈದ್ಯ ಪದ್ಧತಿ ಹೇಳುತ್ತದೆ. ಕೊನೆಯದು ನೂರು ರೋಗಗಳನ್ನು ಕಳೆಯುತ್ತದೆ ಎಂಬ ಸಾಲೂ ಇದೆ. ಇವನ್ನು ಆ ಪರಂಪರೆಯ ಭಾಷೆಯಾಗಿ ಗೌರವಿಸೋಣ, ಆದರೆ ಇವನ್ನು ನಂಬಿ ಯಾವ ಮಾತ್ರೆಯನ್ನೂ ನಿಲ್ಲಿಸುವುದು ಬೇಡ. ಹಗುರಾದ ಮೈ, ಸಡಿಲಗೊಂಡ ಭುಜ, ನಿಲ್ಲುವಾಗ ಹೆಚ್ಚಿದ ಸಮತೋಲನ, ಶಾಂತವಾದ ಉಸಿರು: ದಿನನಿತ್ಯದ ಬಾಳಿಗೆ ಇಷ್ಟು ಪ್ರಯೋಜನವೇ ಸಾಕಷ್ಟು ದೊಡ್ಡದು.

ಊಟವಾಗಿ ಒಂದು ಗಂಟೆಯಾದರೂ ಕಳೆದಿರಲಿ, ಬಟ್ಟೆ ಸಡಿಲವಾಗಿರಲಿ. ಮುಗಿದ ಮೇಲೆ ಅಂಗೈಗಳನ್ನು ಹೊಕ್ಕುಳ ಕೆಳಗೆ ಒಂದರ ಮೇಲೊಂದು ಇರಿಸಿ ಉಸಿರು ತಿಳಿಯಾಗುವವರೆಗೆ ನಿಲ್ಲಿ. ಹೆಚ್ಚು ಹೊತ್ತು ನಿಲ್ಲಲಾಗದ ಹಿರಿಯರು ಗಟ್ಟಿಯಾದ ಕುರ್ಚಿಯ ಅಂಚಿನಲ್ಲಿ, ಪಾದಗಳನ್ನು ನೆಲಕ್ಕೆ ಊರಿ ಕುಳಿತು ಮೊದಲ ನಾಲ್ಕು ಚಲನೆಗಳ ತೋಳು ಮತ್ತು ಕತ್ತಿನ ಭಾಗವನ್ನಷ್ಟೇ ಮಾಡಬಹುದು. ಬಿಲ್ಲು ಎಳೆಯುವಾಗ ಎದೆ ತೆರೆದುಕೊಳ್ಳುವುದು ಅವರಿಗೂ ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ.