ಊರ ಹದ್ದು ಬಿಟ್ಟು ದಾರಿಹೋಕ ಹದ್ದು ಎಣಿಸುವುದು

ಕಾರವಾರದಲ್ಲಿ ಬೇಟೆ ಹಕ್ಕಿಗಳಿಗೆ ಬರ ಇಲ್ಲ. ಬೈತಖೋಲ ಬಂದರಿಗೆ ಮೀನಿನ ದೋಣಿ ಬಂತು ಅಂದರೆ ಸಾಕು, ಗರುಡಗಳೂ ಹದ್ದುಗಳೂ ತಲೆ ಮೇಲೆ ಸುತ್ತುತ್ತವೆ. ಕಾಳಿ ನದಿ ಸಮುದ್ರ ಸೇರುವಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ವರ್ಷವಿಡೀ ಇರುತ್ತದೆ. ಹಾಗಾಗಿ ಶಿವರಾತ್ರಿ ಕಳೆದ ಮೇಲೆ ಉತ್ತರಕ್ಕೆ ಹೊರಡುವ ವಲಸೆ ಹಕ್ಕಿಗಳನ್ನು ಎಣಿಸೋಣ ಅಂತ ನಾವು ಕೆಲವರು ಸೇರಿದಾಗ, ಹಕ್ಕಿ ಹುಡುಕುವುದು ಕಷ್ಟದ ಮಾತಾಗಿರಲಿಲ್ಲ. ಯಾವುದನ್ನು ಎಣಿಸಬಾರದು ಅನ್ನುವುದೇ ತಲೆನೋವು.

ಇಸ್ರೇಲಿನ ಏಲಾಟ್‌ನಲ್ಲಿ ಈ ಹೊತ್ತಿಗೆ ಲಕ್ಷಗಟ್ಟಲೆ ಬೇಟೆ ಹಕ್ಕಿಗಳು ದಾಟುತ್ತವೆ. ನಮ್ಮ ಹಿಮಾಚಲದ ಧರ್ಮಶಾಲಾದ ಮೇಲೆ ಸ್ಟೆಪ್ಪಿ ಹದ್ದುಗಳು ಸಾವಿರಗಟ್ಟಲೆ ಹೋಗುತ್ತವೆ. ಅಗಲ ರೆಕ್ಕೆಯ ದೊಡ್ಡ ಹಕ್ಕಿಗಳಿಗೆ ನೆಲದಿಂದ ಮೇಲೇಳುವ ಬಿಸಿಗಾಳಿ ಬೇಕು. ಸಮುದ್ರದ ಮೇಲೆ ಅದು ಸಿಗುವುದಿಲ್ಲ. ಅದಕ್ಕೇ ಅವು ನೀರು ತಪ್ಪಿಸಿ, ಬೆಟ್ಟದ ಅಂಚು ಹಿಡಿದು ಹೋಗುತ್ತವೆ. ಕಾರವಾರದಲ್ಲೂ ಗುಡ್ಡಗಳು ಸಮುದ್ರದವರೆಗೆ ಬಂದುಬಿಟ್ಟಿವೆ, ನಡುವೆ ಇರುವುದು ಕಿರಿದಾದ ನೆಲ. ಇಲ್ಲೂ ಒಂದು ದಾರಿ ಇರಬಹುದಲ್ವಾ ಅಂತ ನಮಗೆ ಅನ್ನಿಸಿದ್ದು ಅದರಿಂದ. ಆದರೆ ಲಕ್ಷ, ಸಾವಿರದ ಆಸೆ ಇಟ್ಟುಕೊಂಡವರು ಇಲ್ಲಿ ಕೂರಲಾರರು. ಒಂದೊಂದೇ ಬರುತ್ತವೆ, ಅಪರೂಪಕ್ಕೆ ನಾಲ್ಕೈದು ಒಟ್ಟಿಗೆ.

ನಾವು ಕೂತದ್ದು ಸದಾಶಿವಗಡದ ಗುಡ್ಡದ ಮೇಲೆ. ದಕ್ಷಿಣಕ್ಕೆ ನದಿ, ಸೇತುವೆ, ಅದರಾಚೆ ಕಾರವಾರ ಪೇಟೆ. ಪಶ್ಚಿಮಕ್ಕೆ ಸಮುದ್ರದಲ್ಲಿ ಕೂರ್ಮಗಡ ದ್ವೀಪ. ಪೂರ್ವಕ್ಕೆ ಕಾಳಿ ಕಣಿವೆ, ಅದರ ಹಿಂದೆ ಘಟ್ಟ. ದಕ್ಷಿಣದಿಂದ ಬರುವ ಹಕ್ಕಿ ನದಿ ದಾಟುವಾಗಲೇ ಕಣ್ಣಿಗೆ ಬೀಳುತ್ತದೆ. ಅದು ನೆತ್ತಿಯ ಮೇಲೆ ಬರುವವರೆಗೂ ನೋಡಲು ಸಮಯ ಸಿಗುತ್ತದೆ. ಎಣಿಕೆಗೆ ಜಾಗ ಹುಡುಕುವವರು ಇದನ್ನೇ ಮೊದಲು ನೋಡಬೇಕು. ಎತ್ತರ ಎಷ್ಟು ಅನ್ನುವುದು ಆಮೇಲಿನ ಮಾತು.

ಉತ್ತರ ದಿಕ್ಕಿನ ಗುಡ್ಡದಲ್ಲಿ ಒಂದು ಮೊಬೈಲ್ ಟವರ್ ಇದೆ. ಅಲ್ಲಿಂದ ಕೂರ್ಮಗಡದವರೆಗೆ ಒಂದು ಗೆರೆ ಎಳೆದಿದೆ ಅಂದುಕೊಂಡೆವು. ಆ ಗೆರೆ ದಾಟಿ ಉತ್ತರಕ್ಕೆ ಹೋದರೆ ಮಾತ್ರ ಲೆಕ್ಕ. ದಾಟಿ ವಾಪಸ್ ಬಂದರೆ ಲೆಕ್ಕದಿಂದ ಕಳೆಯುವುದು. ಕೇಳಲು ಸುಲಭ. ಆದರೆ ಬಂದರಿನಲ್ಲಿ ಸುತ್ತುವ ಹದ್ದುಗಳ (ಬ್ಲ್ಯಾಕ್ ಕೈಟ್) ವಿಷಯದಲ್ಲಿ ಇದೊಂದೇ ಸಾಲದು. ಊರಿನ ಹದ್ದೂ ಹಾಗೇ ಕಾಣುತ್ತದೆ, ಚಳಿಗಾಲಕ್ಕೆ ಬಂದು ಹೋಗುವ ಹದ್ದೂ ಹಾಗೇ ಕಾಣುತ್ತದೆ. ದೂರದಿಂದ ಬಣ್ಣ ನೋಡಿ ಹೇಳಲಿಕ್ಕಾಗುವುದಿಲ್ಲ. ನಡತೆ ನೋಡಬೇಕು. ಊರಿನದು ತಲೆ ಬಗ್ಗಿಸಿ ನೆಲ ನೋಡುತ್ತಾ ಹಾರುತ್ತದೆ. ಕಾಗೆ ಅಟ್ಟಿಸಿಕೊಂಡು ಬಂದರೆ ಜಗಳಕ್ಕೆ ನಿಲ್ಲುತ್ತದೆ. ಬಂದರಿನಲ್ಲಿ ಗಲಾಟೆ ಶುರುವಾದರೆ ಕೂಡಲೇ ಆ ಕಡೆ ತಿರುಗುತ್ತದೆ. ಹೊರಟು ನಿಂತದ್ದು ಹಾಗಲ್ಲ. ಒಂದೇ ಕಡೆ ಸುತ್ತು ಹಾಕುತ್ತಾ ಮೇಲೇರುತ್ತದೆ, ಚುಕ್ಕೆಯಷ್ಟಾಗುತ್ತದೆ. ಆಮೇಲೆ ರೆಕ್ಕೆಯನ್ನು ಸ್ವಲ್ಪ ಹಿಂದಕ್ಕೆ ಮಡಚಿ, ಒಂದು ಬಡಿತವೂ ಇಲ್ಲದೆ ಉತ್ತರಕ್ಕೆ ಜಾರುತ್ತದೆ. ಕೆಳಗೆ ಮೀನು ಸುರಿದಿದ್ದರೂ ಅದಕ್ಕೆ ಬೇಡ. ಇಷ್ಟಾದ ಮೇಲೂ ಸಂಶಯ ಉಳಿದರೆ ನಾವು ಬರೆಯುವುದಿಲ್ಲ. ನಮ್ಮ ಲೆಕ್ಕ ಕಡಿಮೆಯಾಗಲಿ, ಪರವಾಗಿಲ್ಲ. ಬಂದರಿನ ಹದ್ದುಗಳನ್ನು ಸೇರಿಸಿ ದೊಡ್ಡದು ಮಾಡಿದ ಲೆಕ್ಕದಿಂದ ಯಾರಿಗೂ ಪ್ರಯೋಜನ ಇಲ್ಲ.

ಉಳಿದವುಗಳ ಗುರುತು ಇಷ್ಟು ಕಷ್ಟವಲ್ಲ. ಮಾರ್ಷ್ ಹ್ಯಾರಿಯರ್ ರೆಕ್ಕೆ ಎತ್ತಿ ಹಿಡಿದು, ಆಚೀಚೆ ವಾಲುತ್ತಾ ಬರುತ್ತದೆ. ಹೆಣ್ಣಾದರೆ ತಲೆ ಕೆನೆ ಬಣ್ಣ. ಆಸ್ಪ್ರೇ ಹೊಟ್ಟೆ ಬೆಳ್ಳಗೆ, ರೆಕ್ಕೆ ಮಣಿಕಟ್ಟಿನಲ್ಲಿ ಬಾಗಿರುತ್ತದೆ. ಬೂಟೆಡ್ ಈಗಲ್ ಎದುರಿಗೆ ಬಂದಾಗ ರೆಕ್ಕೆ ಮೈಗೆ ಸೇರುವ ಎರಡೂ ಕಡೆ ಬಿಳಿ ಚುಕ್ಕೆ, ರಾತ್ರಿ ಎದುರು ಬರುವ ಬಸ್ಸಿನ ಲೈಟಿನ ಹಾಗೆ. ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಗಾಳಿಯ ಲೆಕ್ಕ ನಮಗೆ ಹೇಳಿಕೊಟ್ಟವರು ದೇವಬಾಗದ ಒಬ್ಬ ಹಿರಿಯ ಮೀನುಗಾರರು. "ಎಂತ ನೋಡ್ತೀರಿ ಮಾರಾಯ್ರೆ ದಿನಾ?" ಅಂತ ಕೇಳಿದರು. ಹೇಳಿದೆವು. "ಹಾಗಾದ್ರೆ ಪಡುಗಾಳಿ ಎದ್ದ ಮೇಲೆ ಸಮುದ್ರ ನೋಡ್ಬೇಡಿ, ಗುಡ್ಡ ನೋಡಿ" ಅಂದರು. ಅವರು ಹೇಳಿದ್ದು ಸರಿ. ಬೆಳಿಗ್ಗೆ ಘಟ್ಟದ ಕಡೆಯಿಂದ ಮೂಡುಗಾಳಿ ಇರುತ್ತದೆ. ನೆಲ ಕಾದ ಮೇಲೆ ಸಮುದ್ರದ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ. ದಡದ ಮೇಲೆ ಬಿಸಿಗಾಳಿ ಏಳುವುದು ನಿಲ್ಲುತ್ತದೆ, ಹಕ್ಕಿಗಳ ದಾರಿ ಪೂರ್ವಕ್ಕೆ ಸರಿಯುತ್ತದೆ. ಹಾಗಾಗಿ ಒಂಬತ್ತರಿಂದ ಹನ್ನೊಂದರವರೆಗೆ ನೆತ್ತಿ ಮತ್ತು ನದಿ, ಆಮೇಲೆ ಬೈನಾಕ್ಯುಲರ್ ಎಲ್ಲ ಪೂರ್ವದ ಗುಡ್ಡಸಾಲಿನ ಮೇಲೆ. ಬರೀ ನೀಲಿ ಆಕಾಶದಲ್ಲಿ ಹಕ್ಕಿ ಹುಡುಕುವುದು ಬಹಳ ಕಷ್ಟ. ಬಿಳಿ ಮೋಡ ಇದ್ದ ದಿನ ಜಾಸ್ತಿ ಕಾಣುತ್ತವೆ. ಅಂದರೆ ಆ ದಿನ ಜಾಸ್ತಿ ಹೋದವು ಅಂತಲ್ಲ, ನಮಗೆ ಜಾಸ್ತಿ ಕಂಡವು ಅಷ್ಟೆ. ಅದಕ್ಕೇ ಪ್ರತಿ ಗಂಟೆಗೂ ಮೋಡ, ಗಾಳಿ, ಮಬ್ಬು ಎಷ್ಟು ಅಂತ ಬರೆಯಲೇಬೇಕು.

ಒಬ್ಬರು ನೋಡುವುದು, ಒಬ್ಬರು ಬರೆಯುವುದು, ಗಂಟೆಗೊಮ್ಮೆ ಅದಲು ಬದಲು. ನೋಡುವವರು ಕಣ್ಣು ತೆಗೆದು ಪುಸ್ತಕ ನೋಡಬಾರದು. ಕೂಡಲೇ ಹಕ್ಕಿ ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಗಂಟೆಗೊಂದು ಪಟ್ಟಿ. ಕಾಲೇಜು ಹುಡುಗರಿಗೆ ಪರೀಕ್ಷೆ, ಶಿರಸಿ ಜಾತ್ರೆಯ ವರ್ಷ ಘಟ್ಟದ ಮೇಲಿನವರೆಲ್ಲ ಅಲ್ಲಿ. ಜನ ಕಡಿಮೆಯಾದರೆ ಗಂಟೆ ಕಡಿಮೆ ಮಾಡುತ್ತೇವೆ. ಆದರೆ ಒಬ್ಬರೇ ಕೂತು ಎರಡೂ ಕೆಲಸ ಮಾಡುವುದಿಲ್ಲ.

ಒಂದೂ ಹಕ್ಕಿ ಹೋಗದ ಗಂಟೆಗೆ ಸೊನ್ನೆ ಬರೆಯುವುದು ಹೊಸಬರಿಗೆ ಒಗ್ಗುವುದಿಲ್ಲ. "ಏನೂ ಇಲ್ವಲ್ಲ ಸರ್, ಸುಮ್ನೆ ಯಾಕೆ ಬರೀಬೇಕು?" ಅಂತಾರೆ. ಬರೆಯದಿದ್ದರೆ ಹಕ್ಕಿ ಹೋಗಲಿಲ್ಲವೋ, ನಾವೇ ಕೂರಲಿಲ್ಲವೋ ಅಂತ ಮುಂದೆ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಏಪ್ರಿಲ್ ಕೊನೆಯ ಸೊನ್ನೆಗಳು ನನಗಂತೂ ಬಹಳ ಮುಖ್ಯ. ವಲಸೆ ಮುಗಿದದ್ದು ಅವುಗಳಿಂದಲೇ ತಿಳಿಯುವುದು.

ಗುಡ್ಡದ ಜೊತೆಗೆ ಕುಮಟಾ ಕಡೆ, ಅಘನಾಶಿನಿಯ ಗಜನಿ ಭೂಮಿಯಲ್ಲೂ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಒಂದು ಕೆಲಸ ಇಟ್ಟುಕೊಂಡಿದ್ದೇವೆ. ಕಗ್ಗ ಭತ್ತ ಬೆಳೆಯುವ ಆ ಬಯಲಿನಲ್ಲಿ ಹ್ಯಾರಿಯರ್‌ಗಳು ಚಳಿಗಾಲ ಕಳೆಯುತ್ತವೆ. ಅಲ್ಲಿ ಎಣಿಕೆ ಇಲ್ಲ, ಕೊನೆಯದು ಕಂಡ ತಾರೀಖು ಮಾತ್ರ. 2007ರಲ್ಲಿ ಶುರುವಾದ, ವಲಸೆ ಹಕ್ಕಿ ಗಮನಿಸುವ ಮೈಗ್ರಂಟ್‌ವಾಚ್ ಯೋಜನೆಯಲ್ಲಿ ದೇಶದ ತುಂಬಾ ಜನ ಮಾಡಿದ್ದೂ ಇದನ್ನೇ, ಮೊದಲು ಕಂಡ ದಿನ ಮತ್ತು ಕೊನೆಗೆ ಕಂಡ ದಿನ. ಬಯಲಿನಿಂದ ಹ್ಯಾರಿಯರ್ ಮಾಯವಾದ ವಾರ ಸದಾಶಿವಗಡದ ಮೇಲೆ ಹ್ಯಾರಿಯರ್ ಕಂಡರೆ ಎರಡೂ ಪಟ್ಟಿ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ.

ಎಲ್ಲ ಮುಗಿದ ಮೇಲೆ ಅಮೂರ್ ಫಾಲ್ಕನ್‌ಗಳ ಆಸೆ. ನವೆಂಬರಿನಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯ ಬಿಟ್ಟು, ಅರಬ್ಬಿ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುವ ಪುಟ್ಟ ಹಕ್ಕಿ ಅದು. 2013ರಿಂದ ಅವುಗಳ ಮೈಗೆ ಸ್ಯಾಟಲೈಟ್ ಟ್ಯಾಗ್ ಹಾಕಿದ ಮೇಲೆ ದಾರಿ ಸ್ಪಷ್ಟವಾಯಿತು. ವಾಪಸ್ ಬರುವಾಗಲೂ ಸೊಮಾಲಿಯಾ ಕಡೆಯಿಂದ ಸಮುದ್ರದ ಮೇಲೆಯೇ ಬರುತ್ತವೆ, ಏಪ್ರಿಲ್ ಕೊನೆ, ಮೇ ಹೊತ್ತಿಗೆ. ರೆಕ್ಕೆ ಬಡಿದು ಹಾರುವುದರಿಂದ ಅವಕ್ಕೆ ಸಮುದ್ರ ಅಡ್ಡಿಯಲ್ಲ. ನಮ್ಮ ಗೆರೆ ಅವಕ್ಕೆ ಕೆಲಸಕ್ಕೆ ಬಾರದು, ಅವು ಪಶ್ಚಿಮದಿಂದ ಪೂರ್ವಕ್ಕೆ ಬರಬೇಕಲ್ಲ. ಅದಕ್ಕಾಗಿ ಮೇ ತಿಂಗಳಲ್ಲಿ ಸಮುದ್ರದ ಕಡೆಗೇ ಮುಖ ಮಾಡಿ ಕೂರುತ್ತೇವೆ. ಇದುವರೆಗೆ ಖಚಿತವಾಗಿ ಬರೆಯುವಂಥದ್ದು ಸಿಕ್ಕಿಲ್ಲ. ಕೂರುವುದು ಬಿಟ್ಟಿಲ್ಲ.

ಮುಂದಿನ ಮಾರ್ಚಿನಿಂದ ಘಟ್ಟದ ಮೇಲೂ ಒಂದು ತಂಡ ಬೇಕು. ಪಡುಗಾಳಿ ಎದ್ದ ಮೇಲೆ ಹಕ್ಕಿಗಳು ಪೂರ್ವಕ್ಕೆ ಸರಿಯುತ್ತವಲ್ಲ, ಎಷ್ಟು ದೂರ ಸರಿಯುತ್ತವೆ ಅಂತ ಕೆಳಗಿನಿಂದ ಹೇಳಲಾಗದು. ದೇವಿಮನೆ ಘಟ್ಟದ ಹತ್ತಿರ ದಕ್ಷಿಣಕ್ಕೆ ತೆರೆದ ಜಾಗವೊಂದನ್ನು ಶಿರಸಿಯ ಗೆಳೆಯರು ನೋಡಿಟ್ಟಿದ್ದಾರೆ. ಎರಡೂ ಕಡೆ ಒಂದೇ ದಿನ, ಒಂದೇ ಗಂಟೆ ಕೂರುವುದು ಅಂತ ಮಾತಾಗಿದೆ. ಬೈನಾಕ್ಯುಲರ್ ಇದೆ, ಬರೆಯುವವರು ಇನ್ನಿಬ್ಬರು ಬೇಕು.