ಲೀಸ್ ದುಡ್ಡು ನಮ್ಮದಲ್ಲ: ಮೊದಲ ಬಾಡಿಗೆ ಮನೆ ಕಟ್ಟಿದ ಲೆಕ್ಕ

ಬಾಡಿಗೆಗೆ ಮನೆ ಕಟ್ಟಿಸಬೇಕು ಅಂದರೆ ಕೈಯಲ್ಲಿ ಇಪ್ಪತ್ತು ಮೂವತ್ತು ಲಕ್ಷ ಇರಬೇಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. 2017ರಲ್ಲಿ ನಾವು ಶುರು ಮಾಡಿದಾಗ ನಮ್ಮ ಹತ್ತಿರ ಇದ್ದದ್ದು ಎರಡೂ ಕಾಲು ಲಕ್ಷ. ಬೆಂಗಳೂರಿನ ಪೀಣ್ಯದ ಹತ್ತಿರ 20-30ರ ಸೈಟಿನಲ್ಲಿ ಮಾವ ಕಟ್ಟಿಸಿದ ಮನೆ ಇತ್ತು. ನಾನು ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಮನೆಯವರು ಲೇತ್ ಆಪರೇಟರ್. ಹೊಸ ಸೈಟು ಕೊಳ್ಳುವ ಮಾತೇ ಇರಲಿಲ್ಲ. ಇದ್ದ ಮನೆಯ ಮೇಲೆಯೇ ಒಂದು ಮಹಡಿ ಎಳೆಯೋಣ ಅಂತ ಯೋಚಿಸಿದೆವು.

ಪುಣ್ಯಕ್ಕೆ ಮಾವ ಮೊದಲೇ ಪಿಲ್ಲರ್ ಹಾಕಿಸಿ, ಮೇಲೆ ಕಂಬಿ ಬಿಡಿಸಿದ್ದರು. ಬರೀ ಗೋಡೆಯ ಮೇಲೆ ನಿಂತ ಮನೆಯಾದರೆ ಇಂಜಿನಿಯರ್‌ಗೆ ತೋರಿಸದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಚದರಡಿಗೆ 1,500 ರೂಪಾಯಿಯಂತೆ 550 ಚದರಡಿಗೆ ಎಂಟೂ ಕಾಲು ಲಕ್ಷ ಆಗುತ್ತದೆ ಅಂತ ಮೇಸ್ತ್ರಿ ಅಂದರು. ಒಂದು ಸಿಂಗಲ್ ಬೆಡ್‌ರೂಮ್ ಮನೆ, ಪಕ್ಕದಲ್ಲಿ ರೂಮು-ಅಡುಗೆಮನೆಯ ಒಂದು ಸಣ್ಣ ಪೋರ್ಷನ್.

ದುಡ್ಡು ಎಲ್ಲಿಂದ? ನಮ್ಮದು ಬಿ ಖಾತಾ, ಅಂದರೆ ಪಾಲಿಕೆಯ ದಾಖಲೆಯಲ್ಲಿ ಪೂರ್ತಿ ಸಕ್ರಮವಾಗಿಲ್ಲದ ಆಸ್ತಿ. ಬ್ಯಾಂಕಿಗೆ ಹೋದರೆ ಗೃಹಸಾಲದ ಮಾತು ಅಲ್ಲಿಗೇ ಮುಗಿಯಿತು. ನನ್ನ ಒಡವೆ ಇಟ್ಟು ಎರಡು ಲಕ್ಷ ತಂದೆವು. (ಅತ್ತೆ ಎರಡು ದಿನ ಮಾತಾಡಲಿಲ್ಲ.) ಉಳಿದ ನಾಲ್ಕು ಲಕ್ಷಕ್ಕೆ ಮಹಡಿಯ ಎರಡರಲ್ಲಿ ದೊಡ್ಡದಾದ ಸಿಂಗಲ್ ಬೆಡ್‌ರೂಮ್ ಮನೆಯನ್ನು ಮೂರು ವರ್ಷಕ್ಕೆ ಲೀಸ್‌ಗೆ ಕೊಟ್ಟೆವು.

ಲೀಸ್ ಅಂದರೆ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಊರ ಕಡೆ ಭೋಗ್ಯ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಬಾಡಿಗೆದಾರರು ಒಂದೇ ಗಂಟಿಗೆ ದುಡ್ಡು ಕೊಡುತ್ತಾರೆ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ದುಡ್ಡು ವಾಪಸ್. ಓನರ್‌ಗೆ ಬಡ್ಡಿ ಇಲ್ಲದ ಸಾಲ ಅಂತ ಎಲ್ಲರೂ ಹೇಳುತ್ತಾರೆ. ನಾನು ಕೂತು ಲೆಕ್ಕ ಹಾಕಿದೆ. ಆ ಮನೆಗೆ ಆಗ 6,500 ಬಾಡಿಗೆ ಬರುತ್ತಿತ್ತು. ವರ್ಷಕ್ಕೆ 78,000. ನಾಲ್ಕು ಲಕ್ಷಕ್ಕೆ ಅಷ್ಟು ಬಿಟ್ಟುಕೊಡುವುದು ಅಂದರೆ ನೂರಕ್ಕೆ ಹತ್ತೊಂಬತ್ತೂವರೆ ಬಡ್ಡಿ ಕಟ್ಟಿದ ಹಾಗೆ! ಒಡವೆ ಸಾಲ ಅದಕ್ಕಿಂತ ಎಷ್ಟೋ ಅಗ್ಗ. ಆದರೂ ಲೀಸ್‌ಗೇ ಹೋದೆವು, ಯಾಕೆಂದರೆ ಬೇರೆ ಯಾರೂ ಕೊಡುತ್ತಿರಲಿಲ್ಲ, ಮೇಲಾಗಿ ತಿಂಗಳ ಕಂತು ಇಲ್ಲ. ದುಬಾರಿ ಅಂತ ಗೊತ್ತಿದ್ದೇ ತಗೊಂಡ ಸಾಲ ಅದು.

ಗೊತ್ತಿದ್ದರಿಂದಲೇ ಮೊದಲ ತಿಂಗಳೇ ಬ್ಯಾಂಕಿನಲ್ಲಿ ಮೂರು ವರ್ಷದ ಆರ್.ಡಿ. (ತಿಂಗಳು ತಿಂಗಳು ಕಟ್ಟುವ ಠೇವಣಿ) ತೆರೆದೆ. ತಿಂಗಳಿಗೆ 11,000. ಸಣ್ಣ ಪೋರ್ಷನ್ನಿನಿಂದ ಬರುವ 4,500 ಬಾಡಿಗೆ ಮುಟ್ಟದೆ ಅದಕ್ಕೆ, ಮಿಕ್ಕ 6,500 ನಮ್ಮ ಸಂಬಳದಿಂದ. ನಮ್ಮ ಮನೆಯವರಿಗೆ ಇದು ಸಿಟ್ಟು ತರಿಸುತ್ತಿತ್ತು. 'ಬಾಡಿಗೆ ಬರಲಿ ಅಂತ ಮನೆ ಕಟ್ಟಿದೆವು, ಈಗ ನಾವೇ ಬಾಡಿಗೆ ಕಟ್ಟುತ್ತಿದ್ದೇವಲ್ಲ' ಅನ್ನುವರು. ಬೀದಿಯಲ್ಲಿ ಹೆಚ್ಚಿನವರು ಮಾಡುವುದು ಬೇರೆ. ಹಳಬರು ಬಿಡುವಾಗ ಹೊಸಬರಿಂದ ಲೀಸ್ ತಗೊಂಡು ಹಳಬರಿಗೆ ಕೊಡುತ್ತಾರೆ. ಹೊಸಬರು ಸಿಗುವವರೆಗೆ ಅದು ಚೆನ್ನಾಗಿಯೇ ನಡೆಯುತ್ತದೆ.

ನಮ್ಮ ಮೂರು ವರ್ಷ ಮುಗಿದದ್ದು 2020ರ ಶ್ರಾವಣಕ್ಕೆ. ಅಂದರೆ ಲಾಕ್‌ಡೌನ್ ಆದ ವರ್ಷ. ಲೀಸ್‌ಗಿದ್ದವರು ಶಿರಾ ಕಡೆಯವರು, ಊರಿಗೇ ಹೋಗಿ ಇರುತ್ತೇವೆ, ದುಡ್ಡು ಕೊಡಿ ಅಂದರು. ಬೀದಿ ತುಂಬಾ ಟು-ಲೆಟ್ ಬೋರ್ಡುಗಳು, ಕೇಳುವವರಿಲ್ಲ. ಆಸುಪಾಸಿನ ಎಷ್ಟೋ ಮನೆಗಳಲ್ಲಿ ಇದೇ ವಿಷಯಕ್ಕೆ ಜಗಳ. ನಮ್ಮ ಆರ್.ಡಿ. ಬಡ್ಡಿ ಸೇರಿ ನಾಲ್ಕು ಲಕ್ಷ ದಾಟಿತ್ತು. ಅವರು ಸಾಮಾನು ಲಾರಿಗೆ ಹಾಕಿದ ದಿನವೇ ಪೂರ್ತಿ ಕೊಟ್ಟೆವು. ಸಣ್ಣ ಪೋರ್ಷನ್ನಿನಲ್ಲಿದ್ದ ಹುಡುಗಿಯರು ಗಾರ್ಮೆಂಟ್ಸ್‌ಗೆ ಹೋಗುವವರು. ಅವರಿಗೆ ಸಂಬಳ ನಿಂತಿದ್ದ ತಿಂಗಳುಗಳಲ್ಲಿ ನಾವೂ ಬಾಡಿಗೆ ಕೇಳಲಿಲ್ಲ. ಕೇಳಿದರೂ ಅವರು ಎಲ್ಲಿಂದ ತರಬೇಕಿತ್ತು, ಅಲ್ವಾ? ಆ ತಿಂಗಳ ಆರ್.ಡಿ.ಯನ್ನು ಕೈಯಿಂದಲೇ ಕಟ್ಟಿದೆವು.

ದೊಡ್ಡ ಮನೆ ದಸರಾವರೆಗೂ ಖಾಲಿ ಇತ್ತು. ಖಾಲಿ ಬೀಳುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಹನ್ನೆರಡು ತಿಂಗಳ ಬಾಡಿಗೆ ಬರುತ್ತದೆ ಅಂತ ಯಾವ ವರ್ಷವೂ ಬರೆದುಕೊಳ್ಳಬೇಡಿ. ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ಯಾರೂ ಹಾಲುಕ್ಕಿಸುವುದಿಲ್ಲ. ಮೇ ತಿಂಗಳಲ್ಲಿ, ಸ್ಕೂಲು ಶುರುವಾಗುವ ಮೊದಲು, ಸಂಸಾರಸ್ಥರು ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ನಾವು ಕರಾರು ಮುಗಿಯುವುದು ಬೇಸಿಗೆಯಲ್ಲಿ ಬರುವ ಹಾಗೆ ನೋಡಿಕೊಳ್ಳುತ್ತೇವೆ. ಬ್ರೋಕರ್‌ಗೆ ಹೇಳುವುದಕ್ಕಿಂತ ಮೂಲೆಯ ದಿನಸಿ ಅಂಗಡಿಯಲ್ಲಿ ಹೇಳಿದರೆ ಬೇಗ ಜನ ಸಿಗುತ್ತಾರೆ. 'ವೆಜ್ ಓನ್ಲಿ' ಅಂತ ಬೋರ್ಡು ಹಾಕಿದ ಮನೆಗಳು ತಿಂಗಳುಗಟ್ಟಲೆ ಖಾಲಿ ಬಿದ್ದಿರುವುದನ್ನು ನೋಡಿದ್ದೇನೆ. ನಾವು ಕೇಳುವುದು ಎಲ್ಲಿ ಕೆಲಸ, ಎಷ್ಟು ಜನ, ಹಿಂದಿನ ಮನೆ ಯಾಕೆ ಬಿಟ್ಟಿರಿ, ಇಷ್ಟೇ.

ಅಡ್ವಾನ್ಸ್ ವಿಷಯವೂ ಲೀಸ್ ಥರಾನೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಹಳೆಯ ಪದ್ಧತಿ. ನಾವು 40,000 ತಗೊಂಡು ಸೀದಾ ಎಫ್.ಡಿ.ಗೆ ಹಾಕುತ್ತೇವೆ. ಬಿಡುವಾಗ ಪೇಂಟ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ರೂಢಿ. ಅದನ್ನು ಕರಾರಿನಲ್ಲೇ ಬರೆಸಿಬಿಡಿ, ಆಮೇಲೆ ಮಾತು ಬರುವುದಿಲ್ಲ. ಎಲ್ಲರೂ 11 ತಿಂಗಳ ಕರಾರು ಮಾಡುವುದಕ್ಕೆ ಕಾರಣ 1908ರ ನೋಂದಣಿ ಕಾಯ್ದೆ. ಒಂದು ವರ್ಷ ಮೀರಿದ್ದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಬೇಕು. ಲೀಸ್ ಮೂರು ವರ್ಷದ್ದಾದ್ದರಿಂದ ನಾವು ಮಾಡಿಸಿದ್ದೆವು, ಖರ್ಚು ಅರ್ಧ ಅರ್ಧ. ಸುಮ್ನೆ ಸ್ಟಾಂಪ್ ಪೇಪರ್ ಮೇಲೆ ಬರೆದು ಲಕ್ಷಗಟ್ಟಲೆ ಕೈ ಬದಲಾಯಿಸುವುದು ಇಬ್ಬರಿಗೂ ಒಳ್ಳೆಯದಲ್ಲ.

ಕರೆಂಟಿಗೆ ಪ್ರತಿ ಪೋರ್ಷನ್ನಿಗೂ ಬೆಸ್ಕಾಂನ ಬೇರೆ ಮೀಟರ್ ಹಾಕಿಸಿದ್ದೆವು. ಆಗ ಖರ್ಚು ಜಾಸ್ತಿ ಅನ್ನಿಸಿತ್ತು. 2023ರಲ್ಲಿ ಗೃಹ ಜ್ಯೋತಿ ಬಂದ ಮೇಲೆ ಮನೆ ನೋಡಲು ಬರುವವರು ಮೊದಲು ಕೇಳುವುದೇ ಅದನ್ನು. ಸಬ್ ಮೀಟರ್ ಇರುವ ಮನೆಯಲ್ಲಿ ಆ ಅನುಕೂಲ ಬಾಡಿಗೆದಾರರಿಗೆ ಸಿಗುವುದಿಲ್ಲ. ನೀರಿಗೆ ಮಾತ್ರ ಸಂಪು ಒಂದೇ, ಅದರ ಜಗಳ ಯಾವತ್ತೂ ಮುಗಿಯುವುದಿಲ್ಲ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದಾಗ ಮೂರು ಮನೆಗೂ ತಲೆ ಲೆಕ್ಕದಲ್ಲಿ ಹಂಚಿದೆವು.

ಮನೆ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಕೆಲವರು ಬಾಡಿಗೆ ಕೊಟ್ಟ ಮನೆಯನ್ನೂ ಸ್ವಂತ ವಾಸ ಅಂತ ತೋರಿಸಿ ಕಡಿಮೆ ಕಟ್ಟುತ್ತಾರೆ. ಮೀಟರ್‌ಗಳು ಮೂರಿದ್ದಾಗ ಅದು ಎಷ್ಟು ದಿನ ಮುಚ್ಚಿರುತ್ತದೆ? ಆದಾಯ ತೆರಿಗೆಯಲ್ಲಿ, ಬಾಡಿಗೆಯಿಂದ ಕಂದಾಯ ಕಳೆದು ಉಳಿದದ್ದರಲ್ಲಿ ಶೇ 30ನ್ನು ಬಿಲ್ ಕೇಳದೆ ಬಿಡುತ್ತಾರೆ. ಮನೆ ಮಾವನ ಹೆಸರಿನಲ್ಲಿರುವುದರಿಂದ ಕರಾರಿಗೆ ಸಹಿ ಅವರದೇ, ಬಾಡಿಗೆಯ ಆದಾಯವೂ ಅವರ ಲೆಕ್ಕಕ್ಕೇ.

ಈಗ ಮೇಸ್ತ್ರಿ ಇನ್ನೊಂದು ಮಹಡಿ ಎಳೆಯೋಣ ಅಂತ ಬೆನ್ನು ಬಿದ್ದಿದ್ದಾರೆ. ಪಿಲ್ಲರ್ ಅಷ್ಟು ಭಾರ ತಡೆಯುತ್ತದೆ ಅಂತ ಇಂಜಿನಿಯರ್ ಬರೆದುಕೊಡಲಿ, ಆಮೇಲೆ ನೋಡೋಣ ಅಂದಿದ್ದೇನೆ. ಅಷ್ಟರಲ್ಲಿ ಎರಡು ಪೋರ್ಷನ್ನಿನ ಬಾಡಿಗೆಯಲ್ಲಿ ಹೊಸ ಆರ್.ಡಿ. ನಡೆಯುತ್ತಿದೆ. ಈ ಸಲ ಲೀಸ್‌ಗೆ ಕೊಡುವ ಯೋಚನೆ ಇಲ್ಲ.