ಗಂಟಿಲ್ಲದ ರಾಗಿ ಅಂಬಲಿ

ಕುದಿಯುವ ನೀರಿಗೆ ಒಣ ಹಿಟ್ಟು ಸುರಿದು, ಆಮೇಲೆ ಗಂಟು ಒಡೆಯಲು ಸೌಟು ಹಿಡಿದು ಒದ್ದಾಡುವವರೇ ಹೆಚ್ಚು. ಬಿಸಿನೀರು ತಾಗಿದೊಡನೆ ಹಿಟ್ಟಿನ ಹೊರಮೈ ಬೆಂದು ಸಿಪ್ಪೆಗಟ್ಟುತ್ತದೆ, ಒಳಗಿನದು ಒಣಗಿಯೇ ಉಳಿಯುತ್ತದೆ. ಅದನ್ನು ಎಷ್ಟು ತಿರುವಿದರೂ ಕರಗದು.

ನಾಲ್ಕು ಜನಕ್ಕೆ ಅರ್ಧ ಲೋಟ ರಾಗಿ ಹಿಟ್ಟು ಸಾಕು. ರಾಗಿ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ಹಿಟ್ಟು ಹಾಗಲ್ಲ. ಮುಗ್ಗಲು ವಾಸನೆ ಬಂದಿದ್ದರೆ ಬಳಸಬೇಡಿ, ಅಂಬಲಿ ಕಹಿಯಾಗುತ್ತದೆ. ಸಕ್ಕರೆ ಬೆರೆಸಿದ ಮಾಲ್ಟ್ ಪುಡಿಯ ಪೊಟ್ಟಣ ಇದಕ್ಕಲ್ಲ.

ಹಿಟ್ಟಿಗೆ ಮೊದಲು ಕಾಲು ಲೋಟ ತಣ್ಣೀರು ಹಾಕಿ ಬೆರಳಲ್ಲೇ ನಾದಿ. ನುಣ್ಣಗಾದ ಮೇಲೆ ಇನ್ನು ಮುಕ್ಕಾಲು ಲೋಟ ಹಾಕಿ ಕದಡಿ. ಒಂದೇ ಸಲ ಪೂರ್ತಿ ನೀರು ಸುರಿದರೆ ಗಂಟು ತೇಲಾಡಿ ಕೈಗೆ ಸಿಗುವುದಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಮೂರು ಲೋಟ ನೀರು, ಉಪ್ಪು ಹಾಕಿ ಕುದಿಸಿ. ಉರಿ ಸಣ್ಣ ಮಾಡಿ. ಕದಡಿಟ್ಟ ಹಿಟ್ಟು ತಳಕ್ಕೆ ಇಳಿದಿರುತ್ತದೆ, ಇನ್ನೊಮ್ಮೆ ಕದಡಿಯೇ ಕುದಿನೀರಿಗೆ ಸಣ್ಣ ಧಾರೆಯಾಗಿ ಬಿಡಿ. ಒಂದು ಕೈ ಸುರಿಯುತ್ತಿರಲಿ, ಇನ್ನೊಂದು ತಿರುವುತ್ತಿರಲಿ.

ಎರಡೇ ನಿಮಿಷಕ್ಕೆ ಗಟ್ಟಿಯಾಗುತ್ತದೆ. ಬೆಂದಿತು ಎಂದು ಇಳಿಸಿಬಿಟ್ಟರೆ ಕೆಟ್ಟಿತು, ಹಸಿ ಹಿಟ್ಟಿನ ವಾಸನೆ ಹೋಗುವುದಿಲ್ಲ. ತಳ ಕೆರೆಯುತ್ತಾ ಎಂಟು ಹತ್ತು ನಿಮಿಷ ಬೇಯಿಸಿ. ಬೂದು ಬಣ್ಣ ಹೋಗಿ ಕಂದು ಬಣ್ಣಕ್ಕೆ ತಿರುಗಿ ಮೇಲೆ ಹೊಳಪು ಬರಬೇಕು. ಇಳಿಸುವಾಗ ತೆಳ್ಳಗೇ ಇರಲಿ, ಆರಿದ ಮೇಲೆ ಇನ್ನಷ್ಟು ಬಿಗಿಯುತ್ತದೆ.

ಪೂರ್ತಿ ತಣ್ಣಗಾಗುವವರೆಗೆ ಮಜ್ಜಿಗೆ ಹಾಕಬೇಡಿ, ಒಡೆದು ತರಿತರಿಯಾಗುತ್ತದೆ. ಆರಿದ ಮೇಲೆ ಎರಡು ಲೋಟ ಹುಳಿ ಮಜ್ಜಿಗೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಇಂಗಿನ ಒಗ್ಗರಣೆ ಬೇಡವೇ ಬೇಡ, ರಾಗಿಯ ಪರಿಮಳ ಮುಚ್ಚಿಹೋಗುತ್ತದೆ.

ಮಜ್ಜಿಗೆ ಇಲ್ಲದ ಮನೆಯಲ್ಲಿ ರಾತ್ರಿಯೇ ಕಾಯಿಸಿ, ಆರಿಸಿ, ಮಣ್ಣಿನ ಮಡಕೆಗೆ ಹಾಕಿ ಬಾಯಿಗೆ ತೆಳು ಬಟ್ಟೆ ಕಟ್ಟಿಡಿ. ಬೇಸಿಗೆಯಲ್ಲಿ ಬೆಳಗಾಗುವಷ್ಟರಲ್ಲಿ ಹದವಾಗಿ ಹುಳಿ ಬಂದಿರುತ್ತದೆ. ಫ್ರಿಜ್‌ನಲ್ಲಿಟ್ಟರೆ ಹುಳಿಯೇರದು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಂತೂ ಇಡಲೇಬಾರದು. ಬೆಳಿಗ್ಗೆ ನೀರು ಬೆರೆಸಿ ಕುಡಿಯಿರಿ. ನಂಜಿಕೊಳ್ಳಲು ಕರಿದ ಬಾಳಕದ ಮೆಣಸಿನಕಾಯಿ ಇರಲಿ. ಅದು ಮುಗಿದಿದ್ದರೆ ಗುದ್ದಿ ಒಡೆದ ಈರುಳ್ಳಿ.